ತಂಗಿ ಕೊಂಡ ಮನೆ: ಫೆಬ್ರವರಿಯಿಂದ ಜೂನ್‌ವರೆಗಿನ ರಿಪೇರಿ ಲೆಕ್ಕ

ಕೊಡಗಿನ ಸುಂಟಿಕೊಪ್ಪದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. 19 ವರ್ಷ ಗಲ್ಲಾಪೆಟ್ಟಿಗೆ ಮುಂದೆ ಕೂತು ಒಂದು ವಿದ್ಯೆ ಬಂದಿದೆ: ಯಾರು ಯಾವ ತಿಂಗಳಲ್ಲಿ ಏನು ಕೊಳ್ಳುತ್ತಾರೆ ಅನ್ನುವುದರ ಮೇಲೆ ಅವರ ಮನೆಯಲ್ಲಿ ಏನು ಕೆಟ್ಟಿದೆ ಅಂತ ಹೇಳಬಲ್ಲೆ. ಮೇ ಕೊನೆಗೆ ಟಾರ್ಪಾಲು. ಜುಲೈಯಲ್ಲಿ ಸೋರುವ ಕಡೆ ಹಚ್ಚುವ ಡಬ್ಬಿಗಳು. ಡಿಸೆಂಬರ್‌ನಲ್ಲಿ ಪುಟ್ಟಿ, ಪೇಂಟು. ಡಿಸೆಂಬರ್‌ನಲ್ಲಿ ಒಂದೇ ಗೋಡೆಗೆ ಮೂರು ಚೀಲ ಪುಟ್ಟಿ ಒಯ್ದವರು ಫೆಬ್ರವರಿಯಲ್ಲಿ ಮನೆ ಮಾರುವುದನ್ನು ಕಂಡಿದ್ದೇನೆ.

ತಂಗಿ, ಭಾವ ಮೈಸೂರು ಬಿಟ್ಟು ಊರಿಗೆ ಬರುತ್ತೇವೆ ಅಂತ ಮಾದಾಪುರದ ಕಡೆ ಒಂದು ಮನೆ, ಹಿಂದಿನ ಒಂದೂವರೆ ಎಕರೆ ಕಾಫಿ ಸಮೇತ ಗೊತ್ತು ಮಾಡಿಕೊಂಡರು. "ಅಣ್ಣ, ಅಡ್ವಾನ್ಸ್ ಕೊಟ್ಟಾಯ್ತು. ಒಂದ್ಸಲ ಬಂದು ನೋಡು" ಅಂದಳು. ಕೊಡುವ ಮೊದಲು ಕರೆಯಬೇಕಿತ್ತು ಅನ್ನುವ ಮಾತು ಬಾಯಿವರೆಗೆ ಬಂದಿತ್ತು, ನುಂಗಿಕೊಂಡೆ.

ಫೆಬ್ರವರಿ 9

ಫೆಬ್ರವರಿಯಲ್ಲಿ ಕೊಡಗಿನ ಯಾವ ಮನೆಯೂ ಮದುವಣಗಿತ್ತಿಯೇ. ಮಣ್ಣು ಒಣಗಿರುತ್ತೆ, ಪಾಚಿ ಉದುರಿರುತ್ತೆ, ಅಂಗಳದಲ್ಲಿ ಕಾಫಿ ಹರಡಿದ್ದರೆ ಇನ್ನೂ ಚೆಂದ. ಮನೆ ನೋಡಬೇಕಾದ್ದು ಜುಲೈಯಲ್ಲಿ, ಕೊಡೆ ಹಿಡಿದುಕೊಂಡು. ಆಗ ಯಾರೂ ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ.

ಮುಂಭಾಗ ಹಳೆಯದು: ದಪ್ಪ ಮಣ್ಣಿನ ಗೋಡೆ, ಮಂಗಳೂರು ಹಂಚು, ಹಂಚಿನ ಕೆಳಗೆ ಮರದ ಮುಚ್ಚಿಗೆ (ಒಳಚಾವಣಿ). ಬಾಗಿಲು ಕಿಟಕಿಗಳೆಲ್ಲ ಗಟ್ಟಿ. ಹಿಂಭಾಗ 1997ರಲ್ಲಿ ಸೇರಿಸಿದ್ದು: ಅಡುಗೆಮನೆ, ಬಚ್ಚಲು, ಒಂದು ಕೋಣೆ, ಮೇಲೆ ತಾರಸಿ. ಅದರ ಹಿಂದೆ ಹತ್ತಡಿ ಜಾಗ, ಆಮೇಲೆ ತಡೆಗೋಡೆ, ಅದರ ಮೇಲೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಬರೆಯ ತಲೆಯ ಮೇಲೆ ನೀರಿನ ಟ್ಯಾಂಕು, ಅಲ್ಲಿಂದಾಚೆ ಸಿಲ್ವರ್ ಮರಗಳು.

ಮನೆಯೊಳಗೆ ಹೋಗುವ ಮೊದಲು ಹೊರಗಡೆ ಎರಡು ಸುತ್ತು ಹಾಕಿದೆ. ಮಡಿಕೇರಿ ಕಡೆ ವರ್ಷಕ್ಕೆ 120 ಇಂಚಿನ ಆಸುಪಾಸು ಮಳೆ ಬೀಳುತ್ತೆ (ನಮ್ಮಲ್ಲಿ ಇಂಚಿನ ಲೆಕ್ಕವೇ, ಮಿಲಿಮೀಟರು ರೇಡಿಯೋದವರಿಗೆ). ಅಷ್ಟು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗದೆ ಗೋಡೆಯ ಬಣ್ಣ ನೋಡಿ ಪ್ರಯೋಜನವಿಲ್ಲ.

ಅಡುಗೆಮನೆಯ ಹಿಂಗೋಡೆ ಸೊಂಟದವರೆಗೆ ಹೊಸ ಪುಟ್ಟಿಯಿಂದ ನುಣ್ಣಗಿತ್ತು. ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಎದ್ದು ಬಂತು, ಹಿಂದೆ ಬಿಳಿ ಉಪ್ಪಿನ ಪುಡಿ. ಡಬ್ಬಿಯೂ ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು, ಮುಚ್ಚಳದ ಮೇಲೆ ನನ್ನ ಅಂಗಡಿಯ ಬೆಲೆ ಚೀಟಿ. ಭಾವ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

ಫೆಬ್ರವರಿ 11

ಮೊದಲ ಕೆಲಸ ಬಚ್ಚಲಿನದು, ಅದಕ್ಕೆ ಯಾರನ್ನೂ ಕಾಯಲಿಲ್ಲ. ಗ್ಯಾಸ್ ಗೀಸರ್ ಒಳಗೇ ಇದೆ, ಇರುವ ಒಂದು ಕಿಟಕಿಗೆ ಚಳಿ ಬರುತ್ತೆ ಅಂತ ಪ್ಲಾಸ್ಟಿಕ್ ಹೊಡೆದು ಮೊಳೆ ಜಡಿದಿದ್ದಾರೆ. ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಸ್ವಲ್ಪ ತಲೆ ಸುತ್ತಿದ ಹಾಗಾಗಿ ಮನುಷ್ಯ ಅಲ್ಲೇ ಕುಸಿಯುತ್ತಾನೆ, ಒಳಗಿನಿಂದ ಚಿಲಕ ಬೇರೆ ಹಾಕಿರುತ್ತೆ. ಗೀಸರನ್ನು ಬಿಚ್ಚಿ ಹೊರಗೋಡೆಗೆ, ಮಳೆ ಬಡಿಯದ ಕಡೆ ಕೂರಿಸಿದೆವು, ಬಿಸಿನೀರಿನ ಪೈಪು ಮಾತ್ರ ಒಳಗೆ. ಕಿಟಕಿಯ ಪ್ಲಾಸ್ಟಿಕ್ ಕಿತ್ತು ಗಾಜಿನ ಪಟ್ಟಿಗಳನ್ನು ಹಾಕಿಸಿದೆ.

ತಂಗಿಗೆ ಇನ್ನೊಂದು ಮಾತನ್ನೂ ಹೇಳಿದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಬಟ್ಟೆ ಒಣಗದೆ ಇದ್ದಾಗ ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುವ ಅಭ್ಯಾಸ ನಮ್ಮಮ್ಮನಿಗಿತ್ತು. ಹಂಚಿನ ಸಂದಿಯಿಂದ ಗಾಳಿ ಆಡುತ್ತಿದ್ದ ಮನೆಯಲ್ಲಿ ಅದು ನಡೆಯಿತು. ತಾರಸಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಂಡ ಇಟ್ಟರೆ ಅದೂ ಈ ಗೀಸರ್ ಜಾತಿಯದೇ.

ಅಡುಗೆಮನೆಯಲ್ಲಿ ಗ್ಯಾಸಿನ ರಬ್ಬರ್ ಪೈಪಿನ ಮೇಲೆ 2014 ಅಂತ ಅಚ್ಚಿತ್ತು. ಐದು ವರ್ಷಕ್ಕೊಮ್ಮೆ ಬದಲಿಸುವ ಸಾಮಾನು ಅದು. ಹೊಸದು ಹಾಕಿ ಮುಂದೆ ಹೋದೆ.

ಫೆಬ್ರವರಿ 16, 17, 18

ಕರೆಂಟು. ಇದಕ್ಕೆ ಮೂರು ದಿನ ಹಿಡಿಯಿತು.

ಮೇನ್ ಸ್ವಿಚ್ ತೆರೆದರೆ ಒಳಗೆ ಒಣಗಿದ ಹಲ್ಲಿ. ಪಿಂಗಾಣಿ ಫ್ಯೂಸಿಗೆ ಫ್ಯೂಸ್ ತಂತಿಯ ಬದಲು ನಾಲ್ಕೆಳೆ ತಾಮ್ರ ಹೊಸೆದು ಕಟ್ಟಿದ್ದಾರೆ. ಪದೇ ಪದೇ ಹೋಗುತ್ತಿತ್ತಂತೆ, ಅದಕ್ಕೇ ಈ ಪರಿಹಾರ. ಮುಚ್ಚಿಗೆಯ ಮೇಲೆ ಹಾದುಹೋದ ವೈರಿನ ಕೋಟಿಂಗ್ ಬೆರಳಿಟ್ಟರೆ ಪುಡಿಯಾಗುತ್ತೆ, ಎರಡು ಕಡೆ ಇಲಿ ಕಡಿದು ತಾಮ್ರ ಕಾಣುತ್ತಿದೆ. ಅದರ ಸುತ್ತ ಒಣಗಿದ ಮರ, ಜೇಡರ ಬಲೆ, ಹಳೆ ಪೇಪರು.

ಎಲೆಕ್ಟ್ರಿಷಿಯನ್ ಹುಡುಗ ಚುರುಕು. ಮಲ್ಟಿಮೀಟರ್ ಹಿಡಿದು ಫೇಸಿಗೂ ಅರ್ತಿಗೂ ಇಟ್ಟ. 212 ತೋರಿಸಿತು. "ಅರ್ತ್ ಚೆನ್ನಾಗಿದೆ ನೋಡಿ" ಅಂದರು ಭಾವ. "ಮೀಟರ್ ನಂಬಬೇಡಿ ಅಣ್ಣ, ಅದಕ್ಕೆ ಬೇಕಾದ್ದು ಕೂದಲೆಳೆಯಷ್ಟು ಕರೆಂಟು. ಗೋಡೆ ತೇವ ಇದ್ದರೂ ತೋರಿಸುತ್ತೆ" ಅಂದ ಹುಡುಗ. ಮನೆಯ ಅರ್ತ್ ವೈರುಗಳನ್ನೆಲ್ಲ ಬೋರ್ಡಿನಲ್ಲಿ ಬಿಚ್ಚಿಟ್ಟು, ಗುಂಡಿಯಿಂದ ಬರುವ ತಂತಿಗೆ ಮಾತ್ರ 100 ವ್ಯಾಟಿನ ಬಲ್ಬು ಹಚ್ಚಿದ. ಬಿಚ್ಚದೆ ಈ ಪರೀಕ್ಷೆ ಮಾಡಬಾರದು, ಅರ್ತ್ ಸತ್ತಿದ್ದರೆ ಫ್ರಿಜ್, ಮಿಕ್ಸಿ ಎಲ್ಲದರ ಮೈಮೇಲೂ ಕರೆಂಟು ಬಂದು ಕೂರುತ್ತೆ. ಬಲ್ಬಿನ ತಂತಿ ಕೆಂಪಗೂ ಆಗಲಿಲ್ಲ.

ಬಾಳೆಯ ಬುಡದಲ್ಲಿದ್ದ ಅರ್ತ್ ಗುಂಡಿ ಹುಡುಕಿ, ಮುಚ್ಚಿದ್ದ ಹಂಚಿನ ಚೂರು ಸರಿಸಿ, ಪೈಪಿನ ತಲೆ ಹಿಡಿದು ಅಲುಗಿಸಿದೆ. ಕೈಗೆ ಬಂತು. ಒಂದು ಗೇಣು ಪೈಪು, ಕೆಳತುದಿ ತುಕ್ಕು ತಿಂದು ಕಾಗದದಂತೆ ತೆಳ್ಳಗೆ. ಅದರ ಕುತ್ತಿಗೆಗೆ ತಂತಿ ಬಿಗಿಯಾಗಿ, ಶಿಸ್ತಾಗಿ, ನಟ್ಟು ಬೋಲ್ಟು ಹಾಕಿ ಕಟ್ಟಿದೆ. ಎಷ್ಟು ವರ್ಷದಿಂದ ಹಾಗಿತ್ತೋ.

ಹೊಸ ಗುಂಡಿ ತೆಗೆದು ಎಂಟಡಿಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇಳಿಸಿದೆವು, ಸುತ್ತ ಇದ್ದಿಲು, ಉಪ್ಪು. ಮೇಲೆ ನೀರು ಹೊಯ್ಯಲು ಕೊಳವೆ, ನೋಡಲು ಮುಚ್ಚಳ. ಮುಚ್ಚಿಗೆ ಮೇಲಿನ ಹಳೆ ವೈರು ಕಿತ್ತು ಪೈಪಿನೊಳಗೆ ಹೊಸದು: ಲೈಟಿಗೆ ಒಂದೂವರೆ, ಪ್ಲಗ್ಗಿಗೆ ಎರಡೂವರೆ, ಅಡುಗೆಮನೆಯ ದೊಡ್ಡ ಪ್ಲಗ್ಗಿಗೆ ನಾಲ್ಕು ಸ್ಕ್ವೇರ್ ಮಿಲಿಮೀಟರ್ ದಪ್ಪದ್ದು. ಬಲ್ಬು ಈಗ ಪೂರ್ತಿ ಉರಿಯಿತು. ಹುಡುಗ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು, ಕೂರಿಸಿದ.

ಅಂಗಡಿಯಲ್ಲಿ ಇದನ್ನು ಮಾರುವುದು ಕಷ್ಟ. "ಎಂಸಿಬಿ ಇದೆಯಲ್ಲ" ಅಂತಾರೆ. ಎಂಸಿಬಿ ಅಂದರೆ ಕರೆಂಟು ಮಿತಿಮೀರಿದರೆ ಬೀಳುವ ಸ್ವಿಚ್ಚು, ಅದು ವೈರನ್ನು ಕಾಯುತ್ತೆ, ಮನುಷ್ಯನನ್ನಲ್ಲ. ಮನುಷ್ಯನ ಮೂಲಕ ಭೂಮಿಗೆ ಹೋಗುವ ಸಣ್ಣ ಕರೆಂಟು 16 ಆಂಪಿಯರ್ ಎಂಸಿಬಿಗೆ ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ನೋಡುವುದು ಹೋದ ಕರೆಂಟಿಗೂ ವಾಪಸ್ ಬಂದದ್ದಕ್ಕೂ ವ್ಯತ್ಯಾಸ ಇದೆಯೇ ಅಂತ. ಇದ್ದರೆ ಕ್ಷಣದಲ್ಲಿ ಕಡಿಯುತ್ತೆ.

ಕಡಿಯಿತು. ಮೇಲೆತ್ತಿದರೆ ಮತ್ತೆ ಕಡಿಯಿತು. ಎಲ್ಲ ಎಂಸಿಬಿ ಕೆಳಗೆ ಮಾಡಿ ಒಂದೊಂದೇ ಹಾಕಿದರೆ ಯಾವುದನ್ನು ಹಾಕಿದರೂ ಅದೇ ಕತೆ. ಭಾವನಿಗೆ ಡಬ್ಬಿಯೇ ಕೆಟ್ಟದ್ದು ಅನಿಸಿತು. ಇನ್ನೊಂದು ತಂದೆ, ಅದೂ ಹಾಗೇ. ಮಧ್ಯಾಹ್ನದ ಊಟ ಆದಮೇಲೆ ಹುಡುಗನಿಗೆ ಹೊಳೆಯಿತು: ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತೆ, ನ್ಯೂಟ್ರಲ್‌ಗಳು ಎಲ್ಲ ಸೇರಿಯೇ ಇರುತ್ತವೆ. ನ್ಯೂಟ್ರಲ್ ವೈರುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದ. ಐದನೆಯದು ಬಿಚ್ಚಿದಾಗ ಆರ್‌ಸಿಸಿಬಿ ನಿಂತಿತು. ಅದು ಬಚ್ಚಲಿನ ಪ್ಲಗ್ಗು, ನಾವು ಹೊಸ ವೈರು ಎಳೆಯದೆ ಬಿಟ್ಟಿದ್ದ ಒಂದೇ ಕಡೆ. ತೆರೆದು ನೋಡಿದರೆ ಅರ್ತ್ ಪಿನ್ನಿನಿಂದ ನ್ಯೂಟ್ರಲ್‌ಗೆ ಎರಡಿಂಚಿನ ಕೆಂಪು ತಂತಿ. ಅರ್ತ್ ಇಲ್ಲ ಅಂತ ಯಾರೋ ಹಿಂದೆ ನ್ಯೂಟ್ರಲನ್ನೇ ಅರ್ತ್ ಮಾಡಿಬಿಟ್ಟಿದ್ದಾರೆ. ಜೂನ್ ಗಾಳಿಗೆ ಕೊಂಬೆ ಬಿದ್ದು ಕಂಬದ ಕಡೆ ನ್ಯೂಟ್ರಲ್ ಕಡಿದಿದ್ದರೆ, ಆ ಪ್ಲಗ್ಗಿಗೆ ಹಾಕಿದ ವಸ್ತುವಿನ ಲೋಹದ ಮೈಯೆಲ್ಲ ಫೇಸು. ಒದ್ದೆ ಕೈಯಲ್ಲಿ ಮುಟ್ಟುವ ಜಾಗ.

ಆ ಕೆಂಪು ತಂತಿಯನ್ನು ಅಂಗಡಿಯ ಗಾಜಿನ ಕೆಳಗೆ ಇಟ್ಟಿದ್ದೇನೆ. ಕೇಳಿದವರಿಗೆ ತೋರಿಸುತ್ತೇನೆ.

ಮಾರ್ಚ್ 3

ಮಾಡು, ಅಂದರೆ ಹಂಚಿನ ಚಾವಣಿ. ಇಲ್ಲಿ ನಾನೇ ತಪ್ಪಿದೆ.

ಮುಂಭಾಗದ ಕೋಣೆಯ ಒಳಮೂಲೆಯಲ್ಲಿ, ತಾರಸಿಗೆ ಹತ್ತಿರದ ಕಡೆ, ಮುಚ್ಚಿಗೆಯ ಮೇಲೆ ಚಹಾ ಬಣ್ಣದ ಕಲೆ ಇತ್ತು. ಮೇಲೆ ಹತ್ತಿ ನೋಡಿದೆ, ಅಲ್ಲಲ್ಲಿ ಒಡೆದ ಹಂಚು, ಮೂಗು ಹೋದ ಹಂಚು. ಸರಿ, 40 ಹಂಚು ತರಿಸಿ ಬದಲಿಸಿದೆವು. ಹಳೆಯವು ಹೊಸದಕ್ಕಿಂತ ಗಟ್ಟಿಯಾಗಿದ್ದವು, ಬೆರಳಲ್ಲಿ ತಟ್ಟಿದರೆ ಕಂಚಿನ ದನಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಕಸುಬು ಇದು. ಹಳೆ ಹಂಚು ಒಡೆಯದಿದ್ದರೆ ಬಿಸಾಡಬೇಡಿ, ಪಾಚಿ ಉಜ್ಜಿ ಮತ್ತೆ ಹೊದಿಸಿ.

ಏಪ್ರಿಲ್ 6

ಹೂಮಳೆ ಬಂತು, ಮುಕ್ಕಾಲು ಇಂಚು. ಕಾಫಿಗೆ ಖುಷಿ. ತಂಗಿ ಫೋನು: "ಅಣ್ಣ, ಅದೇ ಜಾಗ ಸೋರ್ತಿದೆ."

ಮಳೆ ನಿಲ್ಲುವ ಮೊದಲೇ ಹೋಗಿ ಟಾರ್ಚು ಹಿಡಿದು ಮುಚ್ಚಿಗೆಯ ಮೇಲೆ ಹತ್ತಿ ಮಲಗಿದೆ. ಹಂಚಿನ ಕೆಳಗೆಲ್ಲ ಒಣಗಿದೆ. ನೀರು ಬರುತ್ತಿದ್ದುದು ಕೆಳಗಿನಿಂದ. ಹಂಚಿನ ಮಾಡಿನ ನೀರೆಲ್ಲ ಹಿಂದಿನ ತಾರಸಿಯ ಮೇಲೆ ಬೀಳುತ್ತೆ, ತಾರಸಿಗೆ ಇರುವುದು ಒಂದೇ ಎರಡಿಂಚಿನ ಪೈಪು, ಅದೂ ತಗ್ಗಿನಲ್ಲಿ ಅಲ್ಲ, ಉಬ್ಬಿದ ಕಡೆ. ನೀರು ಕೆರೆಯ ಹಾಗೆ ನಿಂತು, ಏರಿ, ಗೋಡೆಯ ಮೇಲೆ ಕೂತ ಪಕ್ಕಾಸುಗಳ (ಹಂಚು ಹೊರುವ ಮರದ ತೊಲೆಗಳ) ತುದಿಗೆ ಮುಟ್ಟುತ್ತಿತ್ತು. ಒಂದು ಪಕ್ಕಾಸಿನ ತುದಿಗೆ ಸ್ಕ್ರೂಡ್ರೈವರ್ ಒತ್ತಿದೆ. ಬೆಂದ ಅಕ್ಕಿಯ ಉಂಡೆ ಕಡಂಬುಟ್ಟಿಗೆ ಬೆರಳು ಹೋದ ಹಾಗೆ ಹಿಡಿಯವರೆಗೆ ಇಳಿಯಿತು. ಕಣ್ಣಿಗೆ ಮಾತ್ರ ಆ ಮರ ನೆಟ್ಟಗೆ, ಬಣ್ಣ ಹೊಡೆದು ಹೊಳೆಯುತ್ತಿತ್ತು.

ಹೋದದ್ದು ಐದು ಪಕ್ಕಾಸು. ಮೇಸ್ತ್ರಿ ಕೊಳೆತ ಭಾಗ ಕತ್ತರಿಸಿ, ಪಕ್ಕಕ್ಕೆ ಹೊಸ ಹಲಸಿನ ಮರ ಜೋಡಿಸಿ ಬೋಲ್ಟು ಹಾಕಿದರು. ತಾರಸಿಗೆ ಇಳಿಜಾರು ಬರುವ ಹಾಗೆ ಗಾರೆ ಹಾಕಿ, ತಗ್ಗಿನ ಎರಡು ಮೂಲೆಯಲ್ಲಿ ನಾಲ್ಕಿಂಚಿನ ಪೈಪು ಕೊಟ್ಟೆವು. ಹಂಚು ಮತ್ತು ತಾರಸಿ ಸೇರುವ ಕಡೆ ಗೋಡೆಯೊಳಗೆ ಉದ್ದಕ್ಕೆ ಸೀಳು ಕೊರೆದು ತಗಡು ಸಿಕ್ಕಿಸಿದೆವು. 40 ಹಂಚಿನ ದುಡ್ಡು ನನ್ನ ಲೆಕ್ಕಕ್ಕೆ ಬರೆದುಕೊಂಡೆ.

ತಾರಸಿಯ ಕೆಳಗೆ ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದಾಗ ಎರಡು ಕಡೆ ಟೊಳ್ಳು ಸದ್ದು. ಕೆತ್ತಿದರೆ ಕಂಬಿ ತುಕ್ಕು ಹಿಡಿದು ಊದಿಕೊಂಡಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತೆ, ಅದಕ್ಕೇ ಕಾಂಕ್ರೀಟನ್ನು ಒಡೆದುಕೊಂಡು ಹೊರಬರುತ್ತೆ. ಉಜ್ಜಿ, ಬಳಿದು, ಮುಚ್ಚಿದೆವು. ಕಂಬಿ ಅರ್ಧದಷ್ಟೂ ಸವೆದಿರಲಿಲ್ಲ.

ಅಡುಗೆಮನೆ ಕಿಟಕಿಯ ಮೇಲಿನ ಸಜ್ಜಾ ಬೇರೆ ಮಾತು. ಗೋಡೆಗೆ ಅಂಟಿದ ಕಡೆ ಮೇಲ್ಮೈಯಲ್ಲಿ ಉದ್ದಕ್ಕೆ ಒಂದು ಬಿರುಕು. ಮೇಸ್ತ್ರಿ ನೋಡಿದ ಕೂಡಲೇ, "ಸಾವ್ಕಾರ್ರೆ, ಇದರ ಕೆಳಗೆ ಯಾರನ್ನೂ ನಿಲ್ಲಿಸಬೇಡಿ. ಕಂಬಿ ಕೆಳಗಿದೆ" ಅಂದರು. ಹೊರಚಾಚಿದ ಸಜ್ಜಾದಲ್ಲಿ ಎಳೆತ ಬರುವುದು ಮೇಲ್ಗಡೆ, ಕಂಬಿ ಮೇಲ್ಗಡೆಯೇ ಇರಬೇಕು. ಕಟ್ಟುವಾಗ ಮೇಲೇ ಕಟ್ಟಿರುತ್ತಾರೆ, ಕಾಂಕ್ರೀಟ್ ಸುರಿಯುವಾಗ ಬಾಣಲಿ ಹೊತ್ತವರು ಅದರ ಮೇಲೆಯೇ ನಡೆದು ತುಳಿದುಬಿಡುತ್ತಾರೆ. ಒಡೆದು ನೋಡಿದರೆ ಮೇಸ್ತ್ರಿ ಹೇಳಿದ ಹಾಗೇ, ಕಂಬಿ ತಳದಲ್ಲಿ ಮಲಗಿತ್ತು. ಸಜ್ಜಾ ತೆಗೆದು ಅಲ್ಲಿಗೆ ತಗಡಿನ ಇಳಿಜಾರು ಸಾಕು ಅಂದೆವು.

ಏಪ್ರಿಲ್ 20ರಿಂದ

ಇನ್ನು ಅಡುಗೆಮನೆಯ ಹಿಂಗೋಡೆ. ಪುಟ್ಟಿ ಹಿಂದಿನ ಉಪ್ಪು ನೋಡಿದ ದಿನದಿಂದಲೂ ಹಿತ್ತಿಲಿನ ನೆಲ ನನ್ನ ಕಣ್ಣಿಗೆ ಎತ್ತರ ಅನಿಸುತ್ತಿತ್ತು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದೆವು. ಹೊರಗಿನ ನೆಲ ಒಳಗಿನ ನೆಲಕ್ಕಿಂತ 14 ಇಂಚು ಮೇಲೆ! ಗೋಡೆಗೆ ತಾಗಿ ಒಂದಡಿಗೂ ಹೆಚ್ಚು ಮಣ್ಣು ಒರಗಿ ಕೂತಿದೆ, ಅದರ ಮೇಲೆ ಸಿಮೆಂಟಿನ ತೆಳು ಹೊದಿಕೆ.

ಮಾರಿದವರ ಹತ್ತಿರ ಕೇಳಿದಾಗ ಗೊತ್ತಾಯಿತು. 2018ರ ಆಗಸ್ಟ್‌ನಲ್ಲಿ, ಜೋಡುಪಾಲ, ಮಕ್ಕಂದೂರು ಕಡೆ ಬೆಟ್ಟಗಳೇ ಜಾರಿದ ಆ ವಾರ, ಇಲ್ಲಿಯೂ ಬರೆ ಸ್ವಲ್ಪ ಕುಸಿದಿತ್ತು. ಮನೆಗೆ ಏನೂ ಆಗಲಿಲ್ಲ. ಬಿದ್ದ ಮಣ್ಣನ್ನು ಹೊರಗೆ ಸಾಗಿಸುವ ಬದಲು ಹಿತ್ತಿಲಲ್ಲೇ ಹರಡಿ ಸಮ ಮಾಡಿದರು. ಮರುವರ್ಷ ತಡೆಗೋಡೆ ಕಟ್ಟಿದರು. ಗೋಡೆ ತೇವ ಶುರುವಾದದ್ದು ಆಮೇಲೆ. ಪ್ರತಿ ವರ್ಷ ಒಂದು ಡಬ್ಬಿ ನಮ್ಮ ಅಂಗಡಿಯಿಂದ.

ನಾಲ್ಕು ಜನ ಮೂರು ದಿನ ಮಣ್ಣು ತೆಗೆದರು. ಎರಡನೆಯ ದಿನ ಸಂಜೆ ಪಿಕಾಸಿ ಕಲ್ಲಿಗೆ ತಾಗಿತು: ಹಳೆಯ ಕಲ್ಲು ಚರಂಡಿ, ಗೋಡೆಯಿಂದ ಎರಡಡಿ ದೂರ, ತಳಕ್ಕೆ ಚಪ್ಪಡಿ, ಮನೆಯ ಬದಿಗೆ ತಿರುಗಿ ಕೆಳಗಿನ ಗದ್ದೆಯ ಕಡೆಗೆ ಇಳಿಜಾರು. ಕಟ್ಟಿದವರಿಗೆ ಬುದ್ಧಿಯಿತ್ತು. ಕೆಸರು ತೋಡಿ, ಒಂದು ಬಿಂದಿಗೆ ನೀರು ಹೊಯ್ದು ನೋಡಿದೆವು, ಗದ್ದೆ ಬದುವಿನಲ್ಲಿ ಹೊರಬಂತು. ಗೋಡೆಗೆ ಏನೂ ಹಚ್ಚಲಿಲ್ಲ. ಒಳಗಿನ ಪುಟ್ಟಿ ಕಿತ್ತು ಹಾಗೇ ಒಣಗಲು ಬಿಟ್ಟೆವು. ತಂಗಿಗೆ ಬರಿ ಗೋಡೆಯ ಅಡುಗೆಮನೆ ಬೇಸರ, ಆದರೆ ಬಣ್ಣ ಮುಂದಿನ ವರ್ಷ.

ಮೇ 2ರಿಂದ 19

ತಡೆಗೋಡೆಯನ್ನು ನಾನೂ ಮೇಸ್ತ್ರಿಯೂ ಮುಟ್ಟಲು ಒಪ್ಪಲಿಲ್ಲ. ತೂಗುಗುಂಡು ಬಿಟ್ಟು ನೋಡಿದರೆ ಒಂಬತ್ತಡಿ ಎತ್ತರದ ಗೋಡೆ ನಡುವಿನಲ್ಲಿ ಎರಡೂವರೆ ಇಂಚು ಹೊಟ್ಟೆ ಬಿಟ್ಟಿದೆ. ಸೈಜುಗಲ್ಲು, ಸಂದಿಗೆಲ್ಲ ಸಿಮೆಂಟು, ಒಂದೇ ಒಂದು ನೀರಿನ ತೂತಿಲ್ಲ. ಮಡಿಕೇರಿಯಿಂದ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ಗೋಡೆ ನೋಡಲೇ ಇಲ್ಲ, ನೇರ ಬರೆ ಹತ್ತಿ ಟ್ಯಾಂಕಿನ ಹತ್ತಿರ ಹೋಗಿ ನಿಂತರು. ಟ್ಯಾಂಕಿನ ಓವರ್‌ಫ್ಲೋ ಪೈಪು ಬರೆಯ ತಲೆಗೇ ಬಿಟ್ಟಿತ್ತು. ಮೋಟಾರು ಆಫ್ ಮಾಡಲು ಮರೆತ ದಿನವೆಲ್ಲ ಅಲ್ಲಿಗೇ ನೀರು. ಆ ಜಾಗದಲ್ಲಿ ಮಾತ್ರ ಬೇಸಿಗೆಯಲ್ಲೂ ಕೆಸವು ಹಸಿರಾಗಿತ್ತು. ನಾನು ಮೂರು ತಿಂಗಳಿಂದ ಆ ಕೆಸವನ್ನು ನೋಡುತ್ತಿದ್ದೆ. ಪತ್ರೊಡೆಗೆ ಆಯಿತು ಅಂದುಕೊಂಡಿದ್ದೆ.

ಗೋಡೆಯನ್ನು ತಳ್ಳುವುದು ಮಣ್ಣಿಗಿಂತ ಹೆಚ್ಚಾಗಿ ಅದರೊಳಗೆ ಸಿಕ್ಕಿಕೊಂಡ ನೀರು ಅಂದರು. ಅವರು ಹೇಳಿದ ಕ್ರಮದಲ್ಲೇ ಮಾಡಿದೆವು. ಮೊದಲು ಟ್ಯಾಂಕಿನ ಪೈಪು ತಿರುಗಿಸಿದ್ದು, ಬರೆಯ ಮೇಲೆ ಅಡ್ಡಲಾಗಿ ಕಾಲುವೆ ತೆಗೆದು ನೀರನ್ನು ಪಕ್ಕದ ತೋಡಿಗೆ ಸೇರಿಸಿದ್ದು. ಆಮೇಲೆ ಹೊಟ್ಟೆ ಬಂದ 18 ಅಡಿಯನ್ನು ಬಿಚ್ಚಿದ್ದು. ಒಟ್ಟಿಗೆ ಅಲ್ಲ, ಆರಾರು ಅಡಿ, ಒಂದು ಕಟ್ಟಿ ಮುಗಿಸಿದ ಮೇಲೆ ಮುಂದಿನದು. ಕೆಲಸದವರು ಬರೆಯ ಕೆಳಗೆ ಇರುವಷ್ಟು ಹೊತ್ತೂ ಮೇಲೆ ಒಬ್ಬ ನಿಂತು ಮಣ್ಣು ನೋಡುತ್ತಿರಬೇಕು, ಮಳೆ ಮೋಡ ಕಂಡರೆ ಆ ದಿನದ ಕೆಲಸ ಬಂದ್. ಕಲ್ಲಿನ ಹಿಂದೆ ಒಂದಡಿ ಅಗಲ ಜಲ್ಲಿ ತುಂಬಿ, ಮೂರಿಂಚಿನ ಪೈಪುಗಳನ್ನು ಎರಡು ಸಾಲಿನಲ್ಲಿ ಇಟ್ಟೆವು, ಸಾಲಿಗೆ ನಾಲ್ಕು, ಹೊರಗಡೆಗೆ ಸ್ವಲ್ಪ ವಾಲಿಸಿ. ಇಡೀ ರಿಪೇರಿಯಲ್ಲಿ ಅತಿ ಹೆಚ್ಚು ಖರ್ಚಾದದ್ದು ಇಲ್ಲಿ. ಭಾವ ಎರಡು ದಿನ ಮಾತಾಡಲಿಲ್ಲ.

ಮೆಟ್ಟಿಲು ಉಳಿದಿದೆ. ತಾರಸಿಗೆ ಹೋಗುವ ಮೆಟ್ಟಿಲುಗಳೆಲ್ಲ ಏಳಿಂಚು, ಕೊನೆಯದು ಮಾತ್ರ ಒಂಬತ್ತೂವರೆ. ಹತ್ತಿದವರೆಲ್ಲ ಅಲ್ಲಿ ಎಡವುತ್ತಾರೆ, ನಾನು ಎರಡು ಸಲ. ಸದ್ಯಕ್ಕೆ ಅದರ ಅಂಚಿಗೆ ಹಳದಿ ಬಣ್ಣ ಬಳಿದು, ಪಕ್ಕಕ್ಕೆ ಪೈಪಿನ ಕೈಹಿಡಿ ಹಾಕಿದ್ದೇವೆ. ತಾರಸಿಯ ಮೋಟು ಗೋಡೆ ಮೊಣಕಾಲಿನಷ್ಟೇ ಇತ್ತು, ಅದರ ಮೇಲೆ ಕಬ್ಬಿಣದ ಕಟಕಟೆ ನಿಲ್ಲಿಸಿ ಒಂದು ಮೀಟರಿಗೆ ಏರಿಸಿದೆವು.

ಜೂನ್ 21

ನಾಲ್ಕು ದಿನದಿಂದ ಬಿಡದೆ ಮಳೆ, ನಿನ್ನೆ ಒಂದೇ ದಿನ ಐದಿಂಚು. ಸಂಜೆ ಅಂಗಡಿ ಬೇಗ ಮುಚ್ಚಿ ಹೋದೆ. ಮುಚ್ಚಿಗೆ ಒಣಗಿದೆ. ಕರೆಂಟಿಲ್ಲ, ಅದು ಮನೆಯದಲ್ಲ, ಊರಿನದು. ಅಡುಗೆಮನೆ ಗೋಡೆಗೆ ಅಂಗೈ ಇಟ್ಟೆ, ತಣ್ಣಗಿದೆ ಆದರೆ ಕೈಗೆ ಅಂಟಲಿಲ್ಲ. ಹಿತ್ತಿಲ ಕಲ್ಲು ಚರಂಡಿ ತುಂಬಿ ಸದ್ದು ಮಾಡುತ್ತ ಓಡುತ್ತಿದೆ.

ಟಾರ್ಚು ಹಿಡಿದು ತಡೆಗೋಡೆಯ ಹತ್ತಿರ ಹೋದೆವು. ಕೆಳಸಾಲಿನ ಪೈಪುಗಳಿಂದ ನೀರು ಬೀಳುತ್ತಿದೆ, ಕೆಂಪಗಲ್ಲ, ತಿಳಿ. ಮೂರರಿಂದ ಮಾತ್ರ. ನಾಲ್ಕನೆಯದರ ಬಾಯಲ್ಲಿ ಒಂದು ಏಡಿ ಕೂತಿತ್ತು, ಬೆಳಕು ಬಿದ್ದ ಕೂಡಲೇ ಒಳಗೆ ಸರಿಯಿತು. "ಇರಲಿ ಬಿಡು ಅಣ್ಣ, ಅದೂ ಮನೆ ಮಾಡ್ಕೊಂಡಿದೆ" ಅಂದಳು ತಂಗಿ. ನಾಳೆ ಬರುವಾಗ ಆರಡಿ ಕಂಬಿ ತರಬೇಕು.